ಆರ್ಡರ್ ಎಲ್ಲಿ ಕಾಯುತ್ತಿದೆ? ಸಣ್ಣ ಘಟಕದಲ್ಲಿ ಕೆಲಸದ ಹರಿವನ್ನು ಅಳೆಯುವ ಬಗೆ

ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ನಾನು ಕ್ವಾಲಿಟಿ ನೋಡಿಕೊಳ್ಳುತ್ತಿದ್ದಾಗಿನ ಮಾತು. ತಿಂಗಳ ಮೊದಲ ಸೋಮವಾರ ಮೀಟಿಂಗ್. ಮಷಿನ್ ಒಂದೂ ಖಾಲಿ ನಿಂತಿಲ್ಲ ಎಂದು ಪ್ರೊಡಕ್ಷನ್‌ನವರು ಹೇಳಿದರು. ಸ್ಟೀಲ್ ಹೋದ ತಿಂಗಳಿಗಿಂತ ಕಡಿಮೆ ದರಕ್ಕೆ ಸಿಕ್ಕಿದೆ ಎಂದು ಪರ್ಚೇಸ್‌ನವರು ಹೇಳಿದರು. ನಮ್ಮ ಕೈ ದಾಟಿ ಕೆಟ್ಟ ಪೀಸ್ ಒಂದೂ ಹೋಗಿಲ್ಲ ಎಂದು ನಾನೂ ಹೇಳಿದೆ. ಮೂರೂ ನಿಜ. ಅದೇ ಮಧ್ಯಾಹ್ನ ದೊಡ್ಡ ಗಿರಾಕಿಯೊಬ್ಬರ ಫೋನ್ ಬಂತು. ನಮ್ಮ ಮಾಲು ಮೂರು ವಾರ ತಡವಾಗಿ ಅವರ ಅಸೆಂಬ್ಲಿ ಲೈನ್ ನಿಂತುಹೋಗಿತ್ತು. ಹುಡುಕಿದಾಗ ಗೊತ್ತಾಯಿತು: ಆ ಆರ್ಡರ್ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಜಾಗಗಳಲ್ಲೆಲ್ಲ ಕೂತು ಕಾದಿತ್ತು. ಆ ಜಾಗಗಳಿಗೆ ಯಾರೂ ಹೊಣೆಯಿಲ್ಲ, ಹಾಗಾಗಿ ಯಾರ ಚಾರ್ಟಿನಲ್ಲೂ ಅದು ಕಾಣಲಿಲ್ಲ.

ಬಿಸಿನೆಸ್ ಪ್ರೊಸೆಸ್ ಪರ್ಫಾರ್ಮೆನ್ಸ್ ಮ್ಯಾನೇಜ್‌ಮೆಂಟ್ ಎಂಬ ಉದ್ದನೆಯ ಹೆಸರಿನ ಹಿಂದೆ ಇರುವುದು ಇಷ್ಟೇ: ವಿಭಾಗಗಳನ್ನು ಬೇರೆಬೇರೆಯಾಗಿ ಅಳೆಯುವ ಬದಲು, ಗಿರಾಕಿಯ ಕೆಲಸ ನಮ್ಮ ಬಾಗಿಲು ಹೊಕ್ಕಾಗಿನಿಂದ ಹೊರಬೀಳುವವರೆಗಿನ ಇಡೀ ದಾರಿಯನ್ನು ಅಳೆದು ಸರಿಮಾಡುವುದು. ದೊಡ್ಡ ಕಂಪನಿಗಳು ಇದಕ್ಕೆ ಕನ್ಸಲ್ಟೆಂಟ್‌ಗಳನ್ನೂ ಸಾಫ್ಟ್‌ವೇರ್‌ಗಳನ್ನೂ ತರುತ್ತವೆ. ಇಪ್ಪತ್ತು ಮೂವತ್ತು ಜನರ ಘಟಕಕ್ಕೆ ಒಂದು ಬಿಳಿ ಹಲಗೆ, ಪ್ರತಿ ಆರ್ಡರ್ ಜೊತೆ ಓಡಾಡುವ ಜಾಬ್ ಕಾರ್ಡ್ ಮತ್ತು ಯಜಮಾನರ ತಾಳ್ಮೆ ಸಾಕು. ಕೆಳಗಿನ ದಾರಿ ಜಾಬ್ ವರ್ಕ್ ಮಾಡುವ, ಅಂದರೆ ಗಿರಾಕಿ ಕೊಟ್ಟ ಡ್ರಾಯಿಂಗ್‌ನಂತೆ ಲೋಹದ ಭಾಗ ಮಾಡಿಕೊಡುವ ಮಷಿನ್ ಶಾಪ್ ಅನ್ನು ಕಣ್ಣೆದುರಿಟ್ಟುಕೊಂಡು ಬರೆದದ್ದು. ಪ್ರಿಂಟಿಂಗ್ ಪ್ರೆಸ್, ಗಾರ್ಮೆಂಟ್ ಘಟಕ, ಲೆಕ್ಕಪತ್ರದ ಕಚೇರಿಗೂ ಇದನ್ನೇ ಹೊಂದಿಸಿಕೊಳ್ಳಬಹುದು.

ಮೊದಲ ಹೆಜ್ಜೆ: ಒಂದೇ ದಾರಿ ಆರಿಸಿ, ಎರಡು ತುದಿಗೂ ಗೂಟ ಹೊಡೆಯಿರಿ

ಎಲ್ಲವನ್ನೂ ಒಟ್ಟಿಗೆ ಅಳೆಯಲು ಹೊರಟವರು ಎರಡನೇ ತಿಂಗಳಿಗೆ ಕೈಬಿಡುವುದನ್ನು ನೋಡಿದ್ದೇನೆ. ಗಿರಾಕಿಗೆ ಹೆಚ್ಚು ನೋವು ಕೊಡುತ್ತಿರುವ ಒಂದು ದಾರಿಯನ್ನು ಮಾತ್ರ ಹಿಡಿಯಿರಿ. ನಮ್ಮಂಥ ಘಟಕಗಳಲ್ಲಿ ಅದು ಬಹುಮಟ್ಟಿಗೆ ಪಿಒ (ಗಿರಾಕಿ ಕಳಿಸುವ ಪರ್ಚೇಸ್ ಆರ್ಡರ್) ಬಂದಲ್ಲಿಂದ ಮಾಲು ತಲುಪುವವರೆಗಿನ ದಾರಿ.

ಎಲ್ಲಿ ಶುರು, ಎಲ್ಲಿ ಕೊನೆ ಎಂಬುದನ್ನು ಮೊದಲು ತೀರ್ಮಾನಿಸಿ, ಬರೆದಿಡಿ. ಪಿಒ ಇಮೇಲ್‌ಗೆ ಬಂದ ದಿನವೇ ಶುರುವೋ, ಟ್ಯಾಲಿಯಲ್ಲಿ ಎಂಟ್ರಿ ಆದ ದಿನ ಶುರುವೋ? ಮಾಲು ನಮ್ಮ ಗೇಟ್ ದಾಟಿದಾಗ ಕೊನೆಯೋ, ಗಿರಾಕಿಯ ಸ್ಟೋರ್ ಸೇರಿದಾಗಲೋ? ಗಿರಾಕಿ ಕಾಯಲು ಶುರುಮಾಡುವುದು ಇಮೇಲ್ ಕಳಿಸಿದ ಕ್ಷಣದಿಂದ. ನಮ್ಮ ಗಡಿಯಾರವೂ ಅಲ್ಲಿಂದಲೇ ಓಡಬೇಕು.

ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ನಮ್ಮ ರಾಜ್ಯದ ಸಕಾಲ ಯೋಜನೆಯಲ್ಲಿ ನನಗೆ ಮೆಚ್ಚುಗೆಯಾದದ್ದು ಈ ಅಂಶವೇ. 2011ರ ಕಾಯ್ದೆಯ ಮೇಲೆ ನಿಂತ ಅದು 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂತು. ಅರ್ಜಿ ಕೊಟ್ಟಾಗ ನಂಬರ್ ಇರುವ ಸ್ವೀಕೃತಿ ಸಿಗುತ್ತದೆ, ಗಡಿಯಾರ ಅಲ್ಲಿಂದ ಓಡುತ್ತದೆ, ಪ್ರತಿ ಸೇವೆಗೂ ಇಷ್ಟು ಕೆಲಸದ ದಿನ ಎಂದು ಮೊದಲೇ ಗೊತ್ತುಮಾಡಿರುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಹಣ ದೊಡ್ಡದಲ್ಲ. ಆದರೆ ಶುರು ಎಲ್ಲಿ, ಕೊನೆ ಎಲ್ಲಿ ಎಂಬ ಜಗಳ ಅಲ್ಲಿಗೆ ಮುಗಿಯಿತು. ನಿಮ್ಮ ಘಟಕದಲ್ಲೂ ಪಿಒ ಬಂದ ದಿನವೇ ಜಾಬ್ ನಂಬರ್ ಹುಟ್ಟಬೇಕು. ಡ್ರಾಯಿಂಗ್‌ನಲ್ಲಿ ಸಂಶಯವಿದೆ, ಸ್ಟೀಲ್ ಇಲ್ಲ ಎಂಬ ಕಾರಣಕ್ಕೆ ನಂಬರ್ ತಡೆಹಿಡಿಯಬೇಡಿ. ಆ ಸಂಶಯ ತೀರಲು ಹಿಡಿದ ದಿನಗಳೂ ದಾರಿಯ ಭಾಗವೇ.

ಎರಡನೇ ಹೆಜ್ಜೆ: ಆರ್ಡರ್ ಜೊತೆ ನಡೆಯಿರಿ

ಇಡೀ ಕೆಲಸದಲ್ಲಿ ಹೆಚ್ಚು ಕಲಿಸುವ ಹೆಜ್ಜೆ ಇದು. ಇದನ್ನು ಬಿಟ್ಟು ನೇರವಾಗಿ ಚಾರ್ಟ್ ಹಾಕಿದವರ ಅಳತೆಗಳು ಕೋಣೆಯಲ್ಲಿ ಕೂತು ಊಹಿಸಿದವಾಗಿರುತ್ತವೆ.

ಇತ್ತೀಚೆಗೆ ಮುಗಿದ ಐದು ಆರ್ಡರ್‌ಗಳ ಕಾಗದಗಳನ್ನು ತೆಗೆದುಕೊಳ್ಳಿ. ಪಿಒ, ಸ್ಟೀಲ್ ಬಂದ ಚಲನ್, ಮಷಿನ್‌ನ ಲಾಗ್ ಬುಕ್, ಹೀಟ್ ಟ್ರೀಟ್‌ಮೆಂಟ್‌ಗೆ (ಕಾಯಿಸಿ ಗಟ್ಟಿಮಾಡಲು) ಕಳಿಸಿದ ಚಲನ್, ಇನ್‌ಸ್ಪೆಕ್ಷನ್ ರಿಪೋರ್ಟ್, ಇನ್‌ವಾಯ್ಸ್. ಎಲ್ಲದರ ತಾರೀಖನ್ನು ಒಂದೇ ಹಾಳೆಯಲ್ಲಿ ಸಾಲಾಗಿ ಬರೆಯಿರಿ. ಆಮೇಲೆ ಈಗ ನಡೆಯುತ್ತಿರುವ ಒಂದು ಆರ್ಡರ್ ಹಿಡಿದು, ಅದು ಹೋದಲ್ಲೆಲ್ಲ ನೀವೂ ಹೋಗಿ. ಆಫೀಸಿನ ಟೇಬಲ್, ಸ್ಟೋರ್, ಮಷಿನ್ ಪಕ್ಕದ ಟ್ರೇ, ಪ್ಲೇಟಿಂಗ್‌ನವರ ಅಂಗಳ, ಎಲ್ಲ ಕಡೆ.

ಮುಂದಿನ ಆರ್ಡರ್‌ಗಳಿಗಾಗಿ ಜಾಬ್ ಕಾರ್ಡ್‌ನಲ್ಲಿ ಪ್ರತಿ ಹಂತದ ಎದುರು ಮೂರು ಖಾನೆ ಹಾಕಿಸಿ: ಬಂತು, ಹಿಡಿದೆವು, ಬಿಟ್ಟೆವು. ಕೆಲಸ ಆ ಜಾಗಕ್ಕೆ ಬಂದ ಹೊತ್ತು, ಕೈಗೆತ್ತಿಕೊಂಡ ಹೊತ್ತು, ಮುಗಿಸಿ ಮುಂದಕ್ಕೆ ಕೊಟ್ಟ ಹೊತ್ತು. ಹಿಡಿದದ್ದಕ್ಕೂ ಬಿಟ್ಟದ್ದಕ್ಕೂ ನಡುವೆ ಇರುವುದು ಕೆಲಸ. ಬಂದದ್ದಕ್ಕೂ ಹಿಡಿದದ್ದಕ್ಕೂ ನಡುವೆ ಇರುವುದು ಕಾಯುವಿಕೆ. ನಾವು ಮೊದಲ ಸಲ ಹೀಗೆ ಬರೆದಾಗ, ಮೂರು ವಾರ ಶಾಪ್‌ನಲ್ಲಿದ್ದ ಒಂದು ಆರ್ಡರ್‌ಗೆ ನಿಜವಾಗಿ ಕೈ ತಾಗಿದ್ದು ಎರಡು ಶಿಫ್ಟ್ ಸಹ ತುಂಬಿರಲಿಲ್ಲ. ಅಲ್ಲಿಯವರೆಗೆ ನಾವು ಮಾಡುತ್ತಿದ್ದ ಸುಧಾರಣೆಗಳೆಲ್ಲ ಆ ಎರಡು ಶಿಫ್ಟ್ ಒಳಗೆ ಹತ್ತು ನಿಮಿಷ ಉಳಿಸುವಂಥವು.

ಆ ಹಾಳೆ ಮುಂದಿಟ್ಟುಕೊಂಡು ಕೂತಾಗ ಯಜಮಾನರು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್‌ಗಳ) ವಿಭಾಗದ ಮೇಲೆ ರೇಗಿದರು. ಸ್ಟೋರ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಮೆಲ್ಲಗೆ ಹೇಳಿದರು: “ಸಾರ್, ಮಷಿನ್ ಮೇಲೆ ಯಾಕೆ ಹಾಕ್ತೀರ? ಡ್ರಾಯಿಂಗೇ ನಾಲ್ಕು ದಿನ ನಿಮ್ಮ ಟೇಬಲ್ ಮೇಲಿತ್ತಲ್ಲ, ಸೈನ್‌ಗೆ.” ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಯಜಮಾನರು, “ಹೌದು ಕಣ್ರೀ, ಅದನ್ನೂ ಬರೀರಿ” ಅಂದರು. ನಮ್ಮ ಘಟಕದಲ್ಲಿ ಅಳತೆ ಬೇರೂರಿದ್ದು ಆ ಒಂದು ಮಾತಿನಿಂದ ಎಂದು ನಾನು ಇವತ್ತಿಗೂ ನಂಬಿದ್ದೇನೆ. ಯಜಮಾನರ ಟೇಬಲ್ಲನ್ನೂ ಒಂದು ಹಂತವಾಗಿ ಕಾರ್ಡ್‌ನಲ್ಲಿ ಸೇರಿಸಿದ ಮೇಲೆ ಉಳಿದವರು ತಮ್ಮ ಖಾನೆಯನ್ನು ಅಂಜದೆ ತುಂಬಿದರು.

ಹೊರಗಿನ ಕೆಲಸದ ಕಡೆಗೂ ಗಮನವಿರಲಿ. ಹೀಟ್ ಟ್ರೀಟ್‌ಮೆಂಟ್‌ನವರು ಕುಲುಮೆ ತುಂಬುವಷ್ಟು ಮಾಲು ಸೇರುವ ತನಕ ಕಾಯುತ್ತಾರೆ. ಇತ್ತ ನಾವು ಒಂದು ಟೆಂಪೊ ತುಂಬಲಿ ಎಂದು ಕಾಯುತ್ತೇವೆ. ಎರಡು ಕಾಯುವಿಕೆ ಸೇರಿ ವಾರ ಕಳೆಯುತ್ತದೆ. ಅವರ ಕುಲುಮೆ ಯಾವ ವಾರ ಯಾವ ಗ್ರೇಡಿಗೆ ಹೊತ್ತುತ್ತದೆ ಎಂದು ಕೇಳಿ, ಅದಕ್ಕೆ ಹೊಂದುವಂತೆ ಕಳಿಸುವ ದಿನ ಗೊತ್ತುಮಾಡಿಕೊಂಡರೆ ಹೊಸ ಮಷಿನ್ ಕೊಳ್ಳದೆ ದಿನಗಳು ಉಳಿಯುತ್ತವೆ.

ಮೂರನೇ ಹೆಜ್ಜೆ: ದಾರಿಗೆ ಒಬ್ಬ ಹೊಣೆಗಾರ

ಪ್ರೊಡಕ್ಷನ್‌ಗೆ ಒಬ್ಬರು, ಪರ್ಚೇಸ್‌ಗೆ ಒಬ್ಬರು ಇರುತ್ತಾರೆ. ಇಡೀ ದಾರಿಗೆ? ಅಲ್ಲಿ ಒಂದು ಹೆಸರು ಬೇಕು. ಪ್ಲಾನಿಂಗ್ ನೋಡುವವರಾಗಲಿ, ಅನುಭವವಿರುವ ಸೂಪರ್‌ವೈಸರ್ ಆಗಲಿ, ಬೆಳಗ್ಗೆ ಎದ್ದು ಆರ್ಡರ್‌ಗಳೆಲ್ಲ ಎಲ್ಲಿವೆ ಎಂದು ಕೇಳುವುದೇ ಅವರ ಕೆಲಸವಾಗಬೇಕು. ಅವರಿಗೆ ಎರಡು ಅಧಿಕಾರ ಕೊಡಿ: ಮಷಿನ್ ಮೇಲೆ ಯಾವ ಜಾಬ್ ಮೊದಲು ಏರಬೇಕೆಂದು ಹೇಳುವುದು, ತಡವಾಗುವುದು ಖಚಿತವಾದಾಗ ಗಿರಾಕಿಗೆ ತಾವೇ ಫೋನ್ ಮಾಡುವುದು. ಹೊಣೆ ಕೊಟ್ಟು ಅಧಿಕಾರ ಕೊಡದಿದ್ದರೆ ಅವರು ಬರೀ ಸಬೂಬು ಒಟ್ಟುಮಾಡುವ ಗುಮಾಸ್ತರಾಗಿಬಿಡುತ್ತಾರೆ.

ನಾಲ್ಕನೇ ಹೆಜ್ಜೆ: ಅಳತೆ ನಾಲ್ಕು ಸಾಕು, ಆದರೆ ಅರ್ಥ ಒಂದೇ ಇರಲಿ

ಮೊದಲನೆಯದು, ಪಿಒ ಬಂದಲ್ಲಿಂದ ಮಾಲು ತಲುಪಲು ಹಿಡಿದ ಒಟ್ಟು ದಿನ. ಎರಡನೆಯದು, ಹೇಳಿದ ದಿನಕ್ಕೆ, ಹೇಳಿದಷ್ಟೂ ಪೀಸ್ ಹೋದ ಆರ್ಡರ್ ನೂರಕ್ಕೆ ಎಷ್ಟು. ಮೂರನೆಯದು, ರೀವರ್ಕ್ (ತಿದ್ದಿ ಮತ್ತೆ ಮಾಡುವುದು) ಇಲ್ಲದೆ ಮೊದಲ ಸಲಕ್ಕೇ ಎಲ್ಲ ಹಂತ ದಾಟಿದ ಪೀಸ್ ನೂರಕ್ಕೆ ಎಷ್ಟು. ನಾಲ್ಕನೆಯದು, ಇವತ್ತು ಶಾಪ್ ಒಳಗೆ ಮುಗಿಯದೆ ಇರುವ ಜಾಬ್ ಕಾರ್ಡ್ ಎಷ್ಟು.

ಎರಡನೆಯ ಅಳತೆಯಲ್ಲಿ ಒಂದು ಎಚ್ಚರ ಬೇಕು. ಮಾಲು ತಡವಾಗುತ್ತಿದೆ ಎಂದಾಗ ಗಿರಾಕಿಗೆ ಫೋನ್ ಮಾಡಿ ಹೊಸ ದಿನ ಕೇಳುತ್ತೇವೆ, ಕಂಪ್ಯೂಟರ್‌ನಲ್ಲಿ ಹಳೆಯ ತಾರೀಖನ್ನು ಅಳಿಸಿ ಹೊಸದು ಹಾಕುತ್ತೇವೆ. ತಿಂಗಳ ಕೊನೆಗೆ ಎಲ್ಲವೂ ಸರಿಯಾದ ದಿನಕ್ಕೇ ಹೋದಂತೆ ಲೆಕ್ಕ ಬರುತ್ತದೆ. ಹೀಗಾಗದಂತೆ ಎರಡು ತಾರೀಖು ಇಡಿ: ಗಿರಾಕಿ ಕೇಳಿದ ದಿನ, ನಾವು ಮೊದಲು ಒಪ್ಪಿಕೊಂಡ ದಿನ. ಎರಡನ್ನೂ ಯಾರೂ ತಿದ್ದಕೂಡದು. ಆಮೇಲೆ ಬದಲಾದದ್ದಕ್ಕೆ ಬೇರೆ ಖಾನೆ. ಹಾಗೆಯೇ ನೂರು ಪೀಸ್‌ನ ಆರ್ಡರ್‌ನಲ್ಲಿ ತೊಂಬತ್ತು ಹೋಗಿ ಹತ್ತು ಉಳಿದರೆ ಅದು ಹೋದ ಲೆಕ್ಕವಲ್ಲ. ಆ ಹತ್ತಿಲ್ಲದೆ ಗಿರಾಕಿಯ ಹತ್ತು ಮಷಿನ್ ಜೋಡಣೆ ಆಗುವುದಿಲ್ಲ.

ಮೂರನೆಯದು ಕಣ್ಣು ತೆರೆಸುವ ಅಳತೆ. ಐದು ಹಂತಗಳಿವೆ, ಪ್ರತಿ ಹಂತದಲ್ಲೂ ನೂರಕ್ಕೆ 95 ಪೀಸ್ ಮೊದಲ ಸಲಕ್ಕೇ ಸರಿಯಾಗುತ್ತವೆ ಎಂದುಕೊಳ್ಳಿ. ಐದು ವಿಭಾಗದವರೂ ನಮ್ಮದು 95 ಎಂದು ಸಮಾಧಾನವಾಗಿರುತ್ತಾರೆ. ಆದರೆ 0.95 ಅನ್ನು ಐದು ಸಲ ಗುಣಿಸಿ ನೋಡಿ. ಎಲ್ಲೂ ತಿದ್ದಿಸಿಕೊಳ್ಳದೆ ಕೊನೆ ಮುಟ್ಟುವುದು ನೂರಕ್ಕೆ ಸುಮಾರು 77. ಉಳಿದ 23 ಪೀಸ್ ಎಲ್ಲೋ ಒಂದು ಕಡೆ ಹಿಂದಕ್ಕೆ ಹೋಗಿ ಸರತಿಯಲ್ಲಿ ನಿಂತಿರುತ್ತವೆ, ಇಲ್ಲವೇ ಸ್ಕ್ರ್ಯಾಪ್ ಆಗಿರುತ್ತವೆ. ಬೇರೆಬೇರೆಯಾಗಿ ನೋಡಿದವರಿಗೆ ಇದು ಎಂದೂ ಕಾಣುವುದಿಲ್ಲ.

ಪ್ರತಿ ಅಳತೆಗೂ ಒಂದು ವಾಕ್ಯದ ಅರ್ಥ ಬರೆದು ಹಲಗೆಯ ಪಕ್ಕ ಅಂಟಿಸಿ. ಭಾನುವಾರ ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ಗಿರಾಕಿ ಡ್ರಾಯಿಂಗ್ ಬದಲಿಸಿದರೆ ದಿನ ಎಲ್ಲಿಂದ ಎಣಿಸಬೇಕು, ಇಂಥವು ಅದರಲ್ಲಿರಲಿ. ಇಬ್ಬರು ಬೇರೆಬೇರೆಯಾಗಿ ಎಣಿಸಿದರೂ ಒಂದೇ ಅಂಕಿ ಬಂದರೆ ಅರ್ಥ ಸರಿಯಾಗಿದೆ ಎಂದುಕೊಳ್ಳಿ.

ಐದನೇ ಹೆಜ್ಜೆ: ಗುರಿ ಹಾಕುವ ಮೊದಲು ಎರಡು ತಿಂಗಳು ಬರೀ ಎಣಿಸಿ

ಈ ಎರಡು ತಿಂಗಳ ಅಂಕಿಗಳನ್ನು ಓದಲು ಎರಡು ಸರಳ ಲೆಕ್ಕ ಗೊತ್ತಿದ್ದರೆ ಬಹಳ ಉಪಯೋಗ.

ಒಂದು, ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದ್ದು: ಒಳಗಿರುವ ಕೆಲಸಗಳ ಸಂಖ್ಯೆ, ದಿನಕ್ಕೆ ಮುಗಿಯುವ ಕೆಲಸವನ್ನು ಒಂದೊಂದಕ್ಕೆ ಹಿಡಿಯುವ ಸರಾಸರಿ ದಿನದಿಂದ ಗುಣಿಸಿದಷ್ಟು. ನಿಮ್ಮ ಶಾಪ್‌ನಲ್ಲಿ ದಿನಕ್ಕೆ ಸರಾಸರಿ ಐದು ಜಾಬ್ ಮುಗಿಯುತ್ತವೆ, ಇವತ್ತು ಒಳಗೆ 120 ಜಾಬ್ ಕಾರ್ಡ್ ಇವೆ ಎಂದುಕೊಳ್ಳಿ. ಹಾಗಾದರೆ ಇವತ್ತು ಒಳಬಂದ ಆರ್ಡರ್ ಹೊರಬೀಳಲು ಹೆಚ್ಚುಕಡಿಮೆ 24 ಕೆಲಸದ ದಿನ ಬೇಕು. ಮಾರ್ಕೆಟಿಂಗ್‌ನವರು ಹತ್ತು ದಿನಕ್ಕೆ ಕೊಡುತ್ತೇವೆ ಎಂದು ಮಾತು ಕೊಟ್ಟಿದ್ದರೆ ಆ ಮಾತು ಹುಟ್ಟಿದಾಗಲೇ ಸುಳ್ಳು. ಇದರಿಂದ ಕಲಿಯಬೇಕಾದ್ದು, ಕೈಯಲ್ಲಿರುವುದು ಮುಗಿಯುವ ಮುನ್ನ ಹೊಸದನ್ನು ಮಷಿನ್ ಪಕ್ಕಕ್ಕೆ ತಂದು ಸುರಿಯಬಾರದು. ಮಷಿನ್ ಖಾಲಿ ಕಾಣಬಾರದೆಂದು ಒಳಗೆ ತುಂಬಿದಷ್ಟೂ ಪ್ರತಿ ಆರ್ಡರ್ ನಿಧಾನವಾಗುತ್ತದೆ. ನಮ್ಮಲ್ಲಿ ಜನ ನಂಬಲು ಹೆಚ್ಚು ಕಷ್ಟಪಟ್ಟದ್ದು ಇದನ್ನೇ. ಒಂದು ತಿಂಗಳು ಒಂದೇ ಲೈನ್‌ನಲ್ಲಿ ಮಾಡಿ ನೋಡಿ ಎಂದು ಒಪ್ಪಿಸಬೇಕಾಯಿತು.

ಇನ್ನೊಂದು, ಸರಾಸರಿಯನ್ನು ಒಂಟಿಯಾಗಿ ನಂಬಬೇಡಿ. ಹತ್ತು ಆರ್ಡರ್ ಹಿಡಿದ ದಿನಗಳು 6, 7, 7, 8, 8, 8, 9, 9, 10, 38 ಎಂದಿಟ್ಟುಕೊಳ್ಳಿ. ಸರಾಸರಿ 11. ಆದರೆ 11 ದಿನ ಹಿಡಿದ ಆರ್ಡರ್ ಒಂದೂ ಇಲ್ಲ. ಒಂಬತ್ತು ಆರ್ಡರ್‌ಗಳು ಹತ್ತು ದಿನದೊಳಗೆ ಮುಗಿದಿವೆ, ಒಂದು ಎಲ್ಲೋ ಕಳೆದುಹೋಗಿತ್ತು. ಗಿರಾಕಿಗೆ ದಿನ ಹೇಳುವಾಗ “ಹತ್ತರಲ್ಲಿ ಒಂಬತ್ತು ಎಷ್ಟು ದಿನದೊಳಗೆ ಮುಗಿದಿವೆ” ಎಂಬ ಅಂಕಿ ಬಳಸಿ. ಆ 38 ದಿನದ ಆರ್ಡರ್‌ನ ಕಾರ್ಡ್ ಹಿಡಿದು ಬೇರೆಯಾಗಿ ಕೂತು ಓದಿ.

ಆರನೇ ಹೆಜ್ಜೆ: ಹಲಗೆ ಶಾಪ್ ಒಳಗಿರಲಿ, ವಾರಕ್ಕೊಮ್ಮೆ ನಿಂತೇ ಮಾತಾಡಿ

ನಮ್ಮ ಹಳ್ಳಿಗಳ ಹಾಲಿನ ಡೇರಿ ನೆನಪಿಸಿಕೊಳ್ಳಿ. ಹಾಲು ಹಾಕಿದ ಹೊತ್ತಿಗೇ ಲೀಟರ್ ಎಷ್ಟು, ಫ್ಯಾಟ್ ಎಷ್ಟು ಎಂಬ ಚೀಟಿ ಕೈಗೆ ಬರುವ ಡೇರಿಯಲ್ಲಿ, ಇವತ್ತು ಫ್ಯಾಟ್ ಇಳಿದಿದ್ದರೆ ಹಾಕಿದವರಿಗೆ ಇವತ್ತೇ ಗೊತ್ತು. ಮೇವು ಬದಲಾಯಿತೇ, ಹಸುವಿನ ಆರೋಗ್ಯ ಸರಿಯಿಲ್ಲವೇ ಎಂದು ಸಂಜೆಯೊಳಗೆ ಯೋಚಿಸುತ್ತಾರೆ. ಅದೇ ಅಂಕಿ ತಿಂಗಳಾದ ಮೇಲೆ ಬಂದಿದ್ದರೆ ಏನು ಮಾಡಬಹುದಿತ್ತು? ಅಳತೆ ಎಂಬುದು ಕೆಲಸ ಮಾಡುವವನ ಕೈಗೆ, ಕೆಲಸದ ಜಾಗದಲ್ಲೇ, ಬಿಸಿ ಆರುವ ಮೊದಲು ಸಿಗಬೇಕು. ಹಾಗಾಗಿ ಹಲಗೆಯನ್ನು ಎಂಡಿ ಕೋಣೆಯಲ್ಲಿ ಹಾಕದೆ, ಎಲ್ಲರೂ ಟೀ ಕುಡಿಯುವ ಜಾಗದ ಹತ್ತಿರ ಹಾಕಿ. ಅಂಕಿಗಳನ್ನು ಮಾರ್ಕರ್‌ನಿಂದ ಬರೆಯುವುದೂ ಶಾಪ್‌ನವರೇ ಆಗಲಿ, ಅದೂ ಕನ್ನಡದಲ್ಲಿ. ಬೇರೆ ರಾಜ್ಯದ ಹುಡುಗರಿದ್ದರೆ ಪಕ್ಕದಲ್ಲಿ ಹಿಂದಿಯಲ್ಲೂ ಬರೆಯಿಸಿ. ಓದಲಾಗದ ಹಲಗೆಯಿಂದ ಯಾರಿಗೂ ಪ್ರಯೋಜನವಿಲ್ಲ.

ವಾರಕ್ಕೊಮ್ಮೆ ಅರ್ಧ ಗಂಟೆ ಹಲಗೆ ಎದುರು ನಿಲ್ಲಿ. ಪ್ರತಿ ವಾರದ ಏರಿಳಿತಕ್ಕೂ ಕಾರಣ ಕೇಳಲು ಹೋಗಬೇಡಿ. 1924ರಲ್ಲೇ ಅಮೆರಿಕದಲ್ಲಿ ವಾಲ್ಟರ್ ಶೂಹಾರ್ಟ್ ಕಂಟ್ರೋಲ್ ಚಾರ್ಟ್ ರೂಪಿಸಿದ್ದು ಈ ಗೊಂದಲ ಬಿಡಿಸಲೆಂದೇ: ಯಾವುದೇ ಕೆಲಸದಲ್ಲಿ ತನ್ನಷ್ಟಕ್ಕೇ ಆಗುವ ಸಣ್ಣ ಏರಿಳಿತ ಬೇರೆ, ಏನೋ ಬದಲಾಗಿ ಆಗುವ ಏರಿಳಿತ ಬೇರೆ. ಹೇಳಿದ ದಿನಕ್ಕೆ ಹೋದ ಆರ್ಡರ್ ಹೋದ ವಾರ ನೂರಕ್ಕೆ 82, ಈ ವಾರ 79 ಎಂದು ಸೂಪರ್‌ವೈಸರ್‌ನನ್ನು ನಿಲ್ಲಿಸಿ ಕೇಳಿದರೆ ಅವನು ಇಲ್ಲದ ಕಾರಣ ಹುಟ್ಟಿಸುತ್ತಾನೆ. ಹಳೆಯ ಸರಾಸರಿಯ ಒಂದು ಗೆರೆ ಎಳೆಯಿರಿ. ಸತತ ಎಂಟು ವಾರ ಗೆರೆಯ ಒಂದೇ ಬದಿಗೆ ಬಿದ್ದರೆ ನಿಜವಾಗಿ ಏನೋ ಬದಲಾಗಿದೆ ಎಂದು ಹಿಡಿಯಬಹುದು. ಒಂದೇ ವಾರ ವಿಪರೀತ ದೂರ ಹೋಗಿದ್ದರೆ ಕೂಡಲೇ ವಿಚಾರಿಸಿ.

ಅರ್ಧ ಗಂಟೆಯ ಹೆಚ್ಚಿನ ಭಾಗ ಒಂದೇ ಪ್ರಶ್ನೆಗೆ ಹೋಗಲಿ: ಈ ವಾರ ಕಾರ್ಡ್‌ಗಳು ಹೆಚ್ಚು ಕಾದದ್ದು ಎಲ್ಲಿ? ಆ ಒಂದು ಜಾಗಕ್ಕೆ ಒಂದು ಬದಲಾವಣೆ, ಮಾಡುವವರ ಹೆಸರು, ಮುಗಿಯುವ ದಿನ. ಹಲಗೆ ಮೇಲೆ ಇಷ್ಟು ಬರೆದು ಚದುರಿ. ಮುಂದಿನ ವಾರ ಅಲ್ಲಿಂದಲೇ ಶುರುಮಾಡಿ. ತೀರ್ಮಾನ ಬರದ ಮೀಟಿಂಗ್ ಎರಡು ಸಲ ನಡೆದರೆ ಮೂರನೇ ಸಲಕ್ಕೆ ಕಾರ್ಡ್ ತುಂಬುವುದೇ ನಿಲ್ಲುತ್ತದೆ. ತಾವು ಬರೆದದ್ದನ್ನು ಯಾರೂ ಓದುವುದಿಲ್ಲ ಎಂಬುದು ಜನಕ್ಕೆ ಬೇಗ ಗೊತ್ತಾಗುತ್ತದೆ.

ಏಳನೇ ಹೆಜ್ಜೆ: ಅಳತೆಯನ್ನು ಸಂಬಳಕ್ಕೆ ಕಟ್ಟಲು ಅವಸರ ಬೇಡ

ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಬರೆದ ಮಾತೊಂದು ಈಗ ಅವರ ಹೆಸರಿನಲ್ಲೇ ಓಡಾಡುತ್ತದೆ. ಅದರ ಸಾರ ಇದು: ಅಳತೆಯೇ ಗುರಿಯಾದ ಕ್ಷಣ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ. ಎರಡು ದಿನದಲ್ಲಿ ಕೊಟೇಶನ್ ಹೋದರೆ ಇನ್ಸೆಂಟಿವ್ ಎಂದು ಹೇಳಿ ನೋಡಿ. ಎನ್‌ಕ್ವೈರಿಗಳು ರಿಜಿಸ್ಟರ್‌ಗೆ ಏರುವುದೇ ತಡವಾಗುತ್ತದೆ. ಸುಲಭದ ಕೊಟೇಶನ್ ಬೇಗ ಹೋಗುತ್ತವೆ, ಲಾಭವಿರುವ ಕಷ್ಟದ ಡ್ರಾಯಿಂಗ್ ಕೆಳಗೆ ಬೀಳುತ್ತದೆ. ಅವರು ಕೆಟ್ಟವರಲ್ಲ, ಮನೆ ನಡೆಸಬೇಕಾದವರು. ಹಣ ಕೊಡಲೇಬೇಕೆಂದಿದ್ದರೆ ಇಡೀ ದಾರಿಯ ಅಳತೆಗೆ, ದಾರಿಯಲ್ಲಿರುವ ಎಲ್ಲರಿಗೂ ಸೇರಿಸಿ ಕೊಡಿ. ಆಗ ಸಿಎನ್‌ಸಿ ಆಪರೇಟರ್ ಇನ್‌ಸ್ಪೆಕ್ಷನ್‌ಗೆ ತಾನೇ ಹೋಗಿ “ಅಣ್ಣ, ಈ ಲಾಟ್ ಮೊದಲು ನೋಡಿಬಿಡಿ” ಎನ್ನುತ್ತಾನೆ.

ಸಾಫ್ಟ್‌ವೇರ್ ಬಗ್ಗೆ ಎರಡೇ ಮಾತು. ಕಾಗದದ ಕಾರ್ಡ್ ಆರು ತಿಂಗಳು ತಪ್ಪದೆ ತುಂಬಿದ ಮೇಲೆ ಇಆರ್‌ಪಿ (ಇಡೀ ಘಟಕದ ಲೆಕ್ಕವನ್ನು ಒಂದೇ ಕಡೆ ಇಡುವ ಸಾಫ್ಟ್‌ವೇರ್) ನೋಡಿ. ಅಷ್ಟರಲ್ಲಿ ಯಾವ ಖಾನೆ ಬೇಕು, ಯಾವುದು ಬೇಡ ಎಂದು ನಿಮಗೇ ತಿಳಿದಿರುತ್ತದೆ, ಮಾರುವವರು ತೋರಿಸಿದ್ದನ್ನೆಲ್ಲ ಕೊಳ್ಳಬೇಕಾಗುವುದಿಲ್ಲ.

ಕೊನೆಯ ಹೆಜ್ಜೆ: ದಾರಿಯನ್ನು ಹಣ ಬರುವವರೆಗೆ ಉದ್ದಮಾಡಿ

ಮಾಲು ತಲುಪುವವರೆಗಿನ ಅಳತೆ ಹದಕ್ಕೆ ಬಂದಮೇಲೆ ಕೊನೆಯ ಗೂಟವನ್ನು ಕಿತ್ತು ಮುಂದೆ ಹೊಡೆಯಿರಿ, ಹಣ ಬ್ಯಾಂಕ್ ಸೇರಿದ ದಿನಕ್ಕೆ. ಸಣ್ಣ ಘಟಕಗಳ ಉಸಿರು ಕಟ್ಟುವುದು ಇಲ್ಲಿಯೇ. ಉದ್ಯಮ್ ನೋಂದಣಿ ಇರುವ ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳ ಪರವಾಗಿ 2006ರ ಎಂಎಸ್‌ಎಂಇಡಿ ಕಾಯ್ದೆ ನಿಂತಿದೆ. ಲಿಖಿತ ಒಪ್ಪಂದವಿದ್ದರೂ ಖರೀದಿದಾರರು 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡುವ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆ ಇದಕ್ಕೆ ಇನ್ನೊಂದು ಬಲ ಸೇರಿಸಿತು: ಈ ಗಡುವು ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ಖರೀದಿದಾರರು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚಾಗಿ ತೋರಿಸಬಹುದು.

ಈ ದಿನಗಳ ಎಣಿಕೆ ಮಾಲನ್ನು ಸ್ವೀಕರಿಸಿದ ದಿನದಿಂದ. ಮಾಲು ತಲುಪಿದ 15 ದಿನದೊಳಗೆ ಖರೀದಿದಾರರು ಲಿಖಿತವಾಗಿ ಆಕ್ಷೇಪ ಎತ್ತದಿದ್ದರೆ, ತಲುಪಿದ ದಿನವೇ ಸ್ವೀಕರಿಸಿದ ದಿನ ಎಂದಾಗುತ್ತದೆ. ಹಾಗಾಗಿ ಆ ತಾರೀಖಿಗೆ ಸಾಕ್ಷಿ ಬೇಕು. ಗಿರಾಕಿಯ ಗೇಟಿನಲ್ಲಿ ಸೀಲು, ಸಹಿ, ತಾರೀಖು ಬಿದ್ದ ಚಲನ್ ಪ್ರತಿಯನ್ನು ಟೆಂಪೊ ಡ್ರೈವರ್ ಕೈಯಿಂದ ಅಂದೇ ಸಂಜೆ ಪಡೆದು ಜಾಬ್ ಕಾರ್ಡ್‌ಗೆ ಪಿನ್ ಮಾಡಿ. ಬಿಲ್ಲನ್ನು ಅದೇ ದಿನ ಕಳಿಸಿ. ಅದು ನಿಮ್ಮದೇ ಅಕೌಂಟ್ಸ್ ಟೇಬಲ್ ಮೇಲೆ ಕಾದದ್ದು ಎಷ್ಟು ದಿನ ಎಂಬುದಕ್ಕೂ ಮೂರು ಖಾನೆ ಇರಲಿ. ಹಣ ಖಾತೆಗೆ ಬಂದ ದಿನ ಕೊನೆಯ ಖಾನೆ ತುಂಬಿ, ಕಾರ್ಡನ್ನು ಫೈಲ್‌ಗೆ ಸೇರಿಸಿ.